ಡೈನಮೋದಿಂದ ಆಲ್ಟರ್ನೇಟರಿಗೆ: ಮೋಟಾರು ವಾಹನಗಳ ವಿದ್ಯುದ್ದೋಷ ಪರೀಕ್ಷೆಯ ಇತಿಹಾಸವನ್ನು ಕುರಿತು ಒಂದು ವಿವೇಚನೆ

೧

ಕರ್ನಾಟಕದ ಆಧುನಿಕ ಕೈಗಾರಿಕೆಯ ಚರಿತ್ರೆಯನ್ನು ಬರೆಯುವಾಗ ನಾವು ಸಾಮಾನ್ಯವಾಗಿ ವಸ್ತುಗಳು ತಯಾರಾದ ಸ್ಥಳಗಳನ್ನು ಹೇಳುತ್ತೇವೆ. ಅವು ಕೆಟ್ಟಾಗ ದುರಸ್ತಿಯಾದ ಸ್ಥಳಗಳನ್ನು ಹೇಳುವುದು ವಿರಳ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ೯೨ ಮೈಲಿಗಳ ದೂರವನ್ನು ದಾಟಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದುದು, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುದು, ೧೯೪೦ರಲ್ಲಿ ವಿಮಾನ ಕಾರ್ಖಾನೆಯೂ ೧೯೫೧ರಲ್ಲಿ ಮಿಕೋ ಸಂಸ್ಥೆಯೂ ಸ್ಥಾಪಿತವಾದುದು, ಇವೆಲ್ಲ ನಮ್ಮ ಪಠ್ಯಗಳಲ್ಲಿ ಉಕ್ತವಾಗಿವೆ. ಕಾರ್ಖಾನೆಗೆ ದಫ್ತರವಿದೆ, ವಾರ್ಷಿಕ ವರದಿಯಿದೆ, ಉದ್ಘಾಟನೆಯ ಶಿಲಾಫಲಕವಿದೆ. ರಸ್ತೆಯಂಚಿನ ದುರಸ್ತಿಯ ಅಂಗಡಿಗೆ ಇವಾವುವೂ ಇಲ್ಲ. ಆದುದರಿಂದ ಅಲ್ಲಿ ಬೆಳೆದ ಜ್ಞಾನವು ಇತಿಹಾಸದ ದೃಷ್ಟಿಗೆ ಬೀಳದೆ ಉಳಿದಿದೆ.

ಪ್ರಕೃತ ಲೇಖನದಲ್ಲಿ ಈ ಜ್ಞಾನದ ಒಂದು ಚಿಕ್ಕ ಭಾಗವನ್ನು ಮಾತ್ರ ಎತ್ತಿಕೊಂಡಿದ್ದೇವೆ. ಮೋಟಾರು ವಾಹನದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಯನ್ನು ತುಂಬುವ ವ್ಯವಸ್ಥೆಯು ಕೆಟ್ಟಾಗ, ದೋಷವು ಎಲ್ಲಿದೆಯೆಂಬುದನ್ನು ಕಂಡುಹಿಡಿಯುವ ವಿಧಾನ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು? ನಮ್ಮ ಪ್ರತಿಪಾದನೆ ಇಷ್ಟೆ: ದೋಷಪರೀಕ್ಷೆಯ ಪ್ರತಿಯೊಂದು ವಿಧಾನಕ್ಕೂ ಒಂದು ಕಾಲವುಂಟು, ಒಂದು ಕಾಲದಲ್ಲಿ ಪ್ರಮಾಣವಾಗಿದ್ದ ಪರೀಕ್ಷೆಯೇ ಯಂತ್ರವು ಬದಲಾದ ಮೇಲೆ ಹಾನಿಕಾರಕವಾಗಬಲ್ಲುದು. ಇದನ್ನು ತಿಳಿಯದವನು ಕೆಡದಿರುವ ವಸ್ತುವನ್ನು ಬಿಸಾಡಿ ಕೆಟ್ಟಿರುವುದನ್ನು ಉಳಿಸಿಕೊಳ್ಳುತ್ತಾನೆ. ಬಾಡಿಗೆ ವಾಹನದಿಂದ ಜೀವನ ನಡೆಸುವವನಿಗೆ ಇದರಿಂದ ಒದಗುವ ನಷ್ಟ ಅಲ್ಪವಲ್ಲ: ಹೊಸ ಬ್ಯಾಟರಿಯ ಬೆಲೆಯೂ ಹೋಯಿತು, ದಿನದ ಸಂಪಾದನೆಯೂ ಹೋಯಿತು, ದೋಷವಾದರೋ ಇದ್ದಲ್ಲಿಯೇ ಉಳಿಯಿತು.

೨

ಈ ವಿಷಯವನ್ನು ವಿವೇಚಿಸಲು ಬೆಂಗಳೂರಿನ ಪಶ್ಚಿಮ ಭಾಗವು, ಅದರಲ್ಲಿಯೂ ಮೈಸೂರು ರಸ್ತೆಯು ತಕ್ಕ ನೆಲೆಯಾಗಿದೆ. ವೃಷಭಾವತಿಯ ಕಣಿವೆಯನ್ನು ಅನುಸರಿಸಿ ಕೆಂಗೇರಿಯ ಕಡೆಗೆ ಸಾಗುವ ಈ ಹೆದ್ದಾರಿಯ ಅಕ್ಕಪಕ್ಕದಲ್ಲಿ ವಿದ್ಯುತ್ ಸಾಮಗ್ರಿಗಳ ತಯಾರಿಕೆಯು ಮೊದಲಿನಿಂದಲೂ ನೆಲೆಗೊಂಡಿತ್ತು. ಮೈಸೂರು ಸಂಸ್ಥಾನದ ಕಾಲದ ಸರ್ಕಾರಿ ವಿದ್ಯುತ್ ಕಾರ್ಖಾನೆಯು ಇಲ್ಲಿಯೇ ಇದ್ದು, ಮುಂದೆ ಕರ್ನಾಟಕ ವಿದ್ಯುತ್ ಕಾರ್ಖಾನೆ, ಅಂದರೆ ಕವಿಕಾ, ಎಂಬ ಹೆಸರಿನಲ್ಲಿ ಪರಿವರ್ತಕಗಳನ್ನು ತಯಾರಿಸುತ್ತ ಬಂದಿತು. ರೇಡಿಯೋ ಮತ್ತು ವಿದ್ಯುತ್ ಮಾಪಕಗಳನ್ನು ತಯಾರಿಸುತ್ತಿದ್ದ ರೆಮ್ಕೊ ಕಾರ್ಖಾನೆಯೂ ಇದೇ ರಸ್ತೆಯಲ್ಲಿದ್ದು, ಅನಂತರ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಗೆ ಸೇರಿತು. ವಿಜಯನಗರದ ಕಡೆಯಲ್ಲಿ ರೆಮ್ಕೊ ಬಡಾವಣೆಯೆಂಬ ಹೆಸರು ಇಂದಿಗೂ ಆ ಕಾಲದ ಗುರುತಾಗಿ ಉಳಿದಿದೆ. ಕೆಂಗೇರಿಯಲ್ಲಿ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ಪ್ರಾದೇಶಿಕ ಕಾರ್ಯಾಗಾರವಿದೆ. ೧೯೪೮ನೆಯ ಇಸವಿ ಸೆಪ್ಟೆಂಬರ್ ೧೨ರಂದು ಮೈಸೂರು ಸರ್ಕಾರವು ೧೨೦ ಬಸ್ಸುಗಳೊಡನೆ ಆರಂಭಿಸಿದ ಸಾರಿಗೆ ಇಲಾಖೆಯೇ ೧೯೬೧ರ ಆಗಸ್ಟ್ ತಿಂಗಳಲ್ಲಿ ನಿಗಮವಾಯಿತೆಂಬುದು ವಾಚಕರಿಗೆ ತಿಳಿದ ವಿಷಯ.

ರಾಜರಾಜೇಶ್ವರಿನಗರವು ಈ ರಸ್ತೆಯ ಇತಿಹಾಸದಲ್ಲಿ ತಡವಾಗಿ ಬಂದ ವಸತಿ. ಕೈಲಾಸಾಶ್ರಮ ಮತ್ತು ರಾಜರಾಜೇಶ್ವರಿ ದೇವಾಲಯಗಳ ಸುತ್ತ ಬೆಳೆದ ಈ ಭಾಗದಲ್ಲಿ ಬೆಮೆಲ್ ಬಡಾವಣೆಯೇ ಮೊದಲಾದುವು ಕಾರ್ಖಾನೆಯ ನೌಕರರ ಗೃಹನಿರ್ಮಾಣವನ್ನು ಹೆಸರಿನಿಂದಲೇ ಸೂಚಿಸುತ್ತವೆ. ೨೦೨೧ರ ಆಗಸ್ಟ್ ಕೊನೆಯಲ್ಲಿ ಮೆಟ್ರೋ ಮಾರ್ಗವು ಕೆಂಗೇರಿಯವರೆಗೆ ವಿಸ್ತರಿಸಿ ಇಲ್ಲಿಯೂ ಒಂದು ನಿಲ್ದಾಣವಾಯಿತು. ಆದರೂ ಈ ವಸತಿಯ ನಿತ್ಯಜೀವನವು ಬಹುಕಾಲದಿಂದ ಮೋಟಾರು ವಾಹನವನ್ನೇ ಆಶ್ರಯಿಸಿದೆ. ಮಹಾದ್ವಾರದಿಂದ ಹೊರಟು ಮೈಸೂರು ರಸ್ತೆಯನ್ನು ಸೇರಿದವನಿಗೆ ಟಯರು, ಬ್ಯಾಟರಿ, ವೈಂಡಿಂಗ್ ಮೊದಲಾದ ಫಲಕಗಳು ಅಲ್ಲಲ್ಲಿ ಕಾಣಸಿಗುತ್ತವೆ. ನಾವು ಈ ಲೇಖನದಲ್ಲಿ ದುರಸ್ತಿಯ ಅಂಗಡಿಯೆಂದು ಕರೆಯುವುದು ಇಂಥವನ್ನೇ.

೩

ಮೊದಲು ವ್ಯವಸ್ಥೆಯ ಹುಟ್ಟನ್ನು ಸಂಕ್ಷೇಪವಾಗಿ ನೋಡೋಣ. ೧೮೩೧ರಲ್ಲಿ ಫ್ಯಾರಡೆಯು ಕಾಂತದ ಚಲನೆಯಿಂದ ತಂತಿಯಲ್ಲಿ ವಿದ್ಯುತ್ತು ಹುಟ್ಟುವುದನ್ನು ತೋರಿಸಿದನು. ಮರುವರ್ಷವೇ ಫ್ರಾನ್ಸಿನ ಪಿಕ್ಸಿಯು ಆ ತತ್ತ್ವದ ಮೇಲೆ ಕೈಯಿಂದ ತಿರುಗಿಸುವ ಒಂದು ಯಂತ್ರವನ್ನು ರಚಿಸಿದನು. ಅದರಲ್ಲಿ ಹುಟ್ಟಿದುದು ದಿಕ್ಕು ಬದಲಾಯಿಸುತ್ತಿರುವ ಪರ್ಯಾಯ ಪ್ರವಾಹ. ಅದನ್ನು ಏಕಮುಖವಾಗಿ ಮಾಡಲು ಕಮ್ಯುಟೇಟರ್ ಎಂಬ ಭಾಗವನ್ನು ಸೇರಿಸಬೇಕಾಯಿತು. ೧೮೫೯ರಲ್ಲಿ ಪ್ಲಾಂಟೆಯು ಸೀಸದ ಫಲಕ ಮತ್ತು ಗಂಧಕಾಮ್ಲಗಳಿಂದ ಮತ್ತೆ ಮತ್ತೆ ತುಂಬಬಹುದಾದ ಬ್ಯಾಟರಿಯನ್ನು ಮಾಡಿದನು. ೧೮೮೧ರಲ್ಲಿ ಫೋರ್ ಎಂಬಾತನು ಅದರ ಫಲಕಗಳನ್ನು ಸುಧಾರಿಸಿದನು.

ಮೊದಮೊದಲಿನ ಮೋಟಾರು ಕಾರುಗಳಿಗೆ ಇವೆರಡರ ಅವಶ್ಯಕತೆಯೂ ಅಷ್ಟಾಗಿ ಇರಲಿಲ್ಲ. ದೀಪಕ್ಕೆ ಕಾರ್ಬೈಡ್ ಅನಿಲ, ಕಿಡಿಗೆ ಮ್ಯಾಗ್ನೆಟೋ, ಎಂಜಿನನ್ನು ಚಾಲೂ ಮಾಡಲು ಮುಂಭಾಗದ ಹ್ಯಾಂಡಲು. ೧೯೧೨ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಕೆಟರಿಂಗ್ ಎಂಬ ಎಂಜಿನಿಯರನು ವಿದ್ಯುತ್ ಸ್ಟಾರ್ಟರನ್ನು ಅಳವಡಿಸಿದಂದಿನಿಂದ ಪರಿಸ್ಥಿತಿ ಬದಲಾಯಿತು. ಎಂಜಿನು ಚಲಿಸಲು ಬ್ಯಾಟರಿ ಬೇಕು, ಬ್ಯಾಟರಿ ತುಂಬಲು ಎಂಜಿನು ಚಲಿಸಬೇಕು ಎಂಬ ಪರಸ್ಪರಾವಲಂಬನೆಯ ಚಕ್ರವು ಅಂದು ಸ್ಥಾಪಿತವಾಯಿತು. ದೋಷಪರೀಕ್ಷೆಯ ಎಲ್ಲ ಕಷ್ಟಕ್ಕೂ ಮೂಲ ಈ ಚಕ್ರವೇ. ಬೀಜವೃಕ್ಷನ್ಯಾಯದಂತೆ ಇಲ್ಲಿ ಯಾವುದು ಕಾರಣ, ಯಾವುದು ಕಾರ್ಯವೆಂಬುದು ಹೊರನೋಟಕ್ಕೆ ತಿಳಿಯದು. ಬೆಳಗ್ಗೆ ಎಂಜಿನು ಚಾಲೂ ಆಗದಿದ್ದರೆ ಕಣ್ಣಿಗೆ ಕಾಣುವುದು ಬ್ಯಾಟರಿಯ ಸೋಲು. ಆದರೆ ಅದು ತಾನಾಗಿ ಸೋತಿತೋ, ಹಿಂದಿನ ದಿನ ಅದಕ್ಕೆ ಯಾರೂ ಉಣಬಡಿಸದೆ ಸೋತಿತೋ, ರಾತ್ರಿ ಯಾರಾದರೂ ಕದ್ದು ಉಂಡುದರಿಂದ ಸೋತಿತೋ ಎಂಬುದನ್ನು ಆ ಸೋಲು ಹೇಳುವುದಿಲ್ಲ.

೪

೧೯೬೦ರ ವರೆಗೆ ಈ ಉಣಬಡಿಸುವ ಕೆಲಸವನ್ನು ಮಾಡುತ್ತಿದ್ದುದು ಡೈನಮೋ. ಕಾಂತಕ್ಷೇತ್ರದ ನಡುವೆ ಆರ್ಮೇಚರು ತಿರುಗುತ್ತದೆ. ಅದರಲ್ಲಿ ಹುಟ್ಟಿದ ಸಮಸ್ತ ವಿದ್ಯುತ್ತೂ ಕಮ್ಯುಟೇಟರಿನ ಮೇಲೆ ಉಜ್ಜುವ ಕಾರ್ಬನ್ ತುಂಡುಗಳ ಮೂಲಕ ಹೊರಗೆ ಬರಬೇಕು. ಈ ಕಾರಣದಿಂದ ಕಾರ್ಬನ್ ಸವೆಯುವುದು, ಕಮ್ಯುಟೇಟರು ಕಪ್ಪಾಗುವುದು ಸಾಮಾನ್ಯ. ಕಾರಿನ ಡೈನಮೋ ಕೊಡುತ್ತಿದ್ದುದು ಸುಮಾರು ೨೦ ಆಂಪಿಯರಿನ ಆಸುಪಾಸಿನಲ್ಲಿ. ಅದೂ ಎಂಜಿನು ಸಾಕಷ್ಟು ವೇಗವಾಗಿ ಓಡುತ್ತಿದ್ದಾಗ. ನಿಂತಲ್ಲಿ ಎಂಜಿನು ಮೆಲ್ಲಗೆ ಗುನುಗುತ್ತಿದ್ದರೆ ಅದು ಏನನ್ನೂ ಕೊಡುತ್ತಿರಲಿಲ್ಲವೆಂದೇ ಹೇಳಬಹುದು. ಡೈನಮೋ ನಿಂತಾಗ ಬ್ಯಾಟರಿಯ ವಿದ್ಯುತ್ತು ಅದರೊಳಕ್ಕೆ ಹಿಂತಿರುಗಿ ಹರಿಯದಂತೆ ತಡೆಯಲು 'ಕಟೌಟ್' ಎಂಬ ಸ್ವಯಂಚಾಲಕ ಸ್ವಿಚ್ಚೂ, ಒತ್ತಡವು ಮಿತಿಮೀರದಂತೆ ನೋಡಿಕೊಳ್ಳಲು ರೆಗ್ಯುಲೇಟರೂ ಒಂದೇ ಪೆಟ್ಟಿಗೆಯಲ್ಲಿ ಇರುತ್ತಿದ್ದುವು.

ಭಾರತದಲ್ಲಿ ೧೯೫೭-೫೮ರಿಂದ ತಯಾರಾದ ಅಂಬಾಸಿಡರ್ ಕಾರು, ಅದರ ಸಮಕಾಲೀನವಾದ ಫಿಯಟ್ ೧೧೦೦, ಇವುಗಳೊಡನೆ ಈ ವ್ಯವಸ್ಥೆಯು ನಮ್ಮ ನಗರಗಳಲ್ಲಿ ಹರಡಿತು. ೧೯೬೧ರಲ್ಲಿ ಇಂಗ್ಲೆಂಡಿನ ಲೂಕಾಸ್ ಸಂಸ್ಥೆಯೂ ಮದರಾಸಿನ ಟಿ.ವಿ.ಎಸ್. ಸಮೂಹವೂ ಕೂಡಿ ಸ್ಥಾಪಿಸಿದ ಕಾರ್ಖಾನೆಯು ವಾಹನದ ವಿದ್ಯುತ್ ಸಾಮಗ್ರಿಗಳನ್ನು ಈ ದೇಶದಲ್ಲಿಯೇ ಒದಗಿಸತೊಡಗಿತು. ಬ್ಯಾಟರಿಗಳ ವಿಷಯದಲ್ಲಿ ಬೆಂಗಳೂರಿನಲ್ಲಿಯೇ ತಯಾರಾಗುತ್ತಿದ್ದ ಆಮ್ಕೊ ಎಂಬ ಹೆಸರು ಪರಿಚಿತವಾಗಿದ್ದಿತು.

ಡೈನಮೋ ಕಾಲದ ದೋಷಪರೀಕ್ಷೆಯು ಬಹಳ ಮಟ್ಟಿಗೆ ಇಂದ್ರಿಯಗಳನ್ನು ಅವಲಂಬಿಸಿತ್ತು. ಕಾರ್ಬನ್ ಬಳಿ ಕಿಡಿ ಹಾರುವುದನ್ನು ಕಣ್ಣು ನೋಡುತ್ತಿತ್ತು; ಬೆಲ್ಟು ಜಾರುವ ಕೀಚಲು ದನಿಯನ್ನೂ ಬೇರಿಂಗಿನ ಗೊರಗೊರ ಶಬ್ದವನ್ನೂ ಕಿವಿ ಗುರುತಿಸುತ್ತಿತ್ತು; ಸುಟ್ಟ ವೈಂಡಿಂಗನ್ನು ಮೂಗು ಹೇಳುತ್ತಿತ್ತು. ತಯಾರಕರ ಕೈಪಿಡಿಗಳು ಕೊಡುತ್ತಿದ್ದ ಪರೀಕ್ಷೆಯೂ ಸರಳವೇ. ಡೈನಮೋವಿನ ಎರಡು ತುದಿಗಳ ತಂತಿಗಳನ್ನು ಬಿಚ್ಚಿ, ಆ ತುದಿಗಳನ್ನು ಒಂದಕ್ಕೊಂದು ಜೋಡಿಸಿ, ಅಲ್ಲಿಂದ ವಾಹನದ ಲೋಹಕ್ಕೆ ವೋಲ್ಟ್ ಮಾಪಕವನ್ನಿಟ್ಟು, ಎಂಜಿನಿನ ವೇಗವನ್ನು ಮೆಲ್ಲಗೆ ಏರಿಸಬೇಕು. ಒತ್ತಡವು ಸರಾಗವಾಗಿ ಏರಿದರೆ ಡೈನಮೋ ನೆಟ್ಟಗಿದೆ, ದೋಷವನ್ನು ರೆಗ್ಯುಲೇಟರಿನಲ್ಲಿಯೋ ತಂತಿಗಳಲ್ಲಿಯೋ ಹುಡುಕಬೇಕು. ಏರದಿದ್ದರೆ ಕಾರ್ಬನ್, ಫೀಲ್ಡ್ ಕಾಯಿಲು, ಆರ್ಮೇಚರುಗಳನ್ನು ಕ್ರಮವಾಗಿ ನೋಡಬೇಕು.

ಇದಕ್ಕಿಂತ ಸುಲಭವಾದ ಇನ್ನೊಂದು ಪರೀಕ್ಷೆಯೂ ಲೋಕದಲ್ಲೆಲ್ಲ ರೂಢಿಯಲ್ಲಿತ್ತು. ಎಂಜಿನು ಓಡುತ್ತಿರುವಾಗಲೇ ಬ್ಯಾಟರಿಯ ಒಂದು ತಂತಿಯನ್ನು ಕಳಚಿಬಿಡುವುದು! ಎಂಜಿನು ನಿಲ್ಲದೆ ಓಡಿದರೆ ಡೈನಮೋ ದುಡಿಯುತ್ತಿದೆಯೆಂದು ಅರ್ಥ. ನಿಂತರೆ ದುಡಿಯುತ್ತಿಲ್ಲವೆಂದು ಅರ್ಥ. ಉಪಕರಣ ಬೇಡ, ಲೆಕ್ಕ ಬೇಡ, ಕ್ಷಣಮಾತ್ರದಲ್ಲಿ ತೀರ್ಪು. ಡೈನಮೋ ಇದ್ದ ವಾಹನದಲ್ಲಿ ಇದರಿಂದ ಸಾಮಾನ್ಯವಾಗಿ ದೊಡ್ಡ ಹಾನಿ ಆಗುತ್ತಿರಲಿಲ್ಲ. ಈ ಪರೀಕ್ಷೆಯನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ವಾದಕ್ಕೆ ಇದೇ ಮುಖ್ಯವಾದ ಸಾಕ್ಷಿ.

೫

ದೀಪಗಳು, ಪಂಖಗಳು, ರೇಡಿಯೋಗಳು ಹೆಚ್ಚಿದಂತೆಲ್ಲ ಡೈನಮೋವಿನ ಶಕ್ತಿ ಸಾಲದಾಯಿತು. ನಗರದ ಸಂದಣಿಯಲ್ಲಿ ನಿಂತು ನಿಂತು ಸಾಗುವ ವಾಹನದಲ್ಲಿ ಈ ಕೊರತೆಯು ಇನ್ನೂ ಹೆಚ್ಚು. ಪರ್ಯಾಯ ಪ್ರವಾಹವನ್ನು ಹುಟ್ಟಿಸುವ ಯಂತ್ರವು ಇದಕ್ಕೆ ತಕ್ಕ ಪರಿಹಾರವೆಂಬುದು ಮೊದಲೇ ತಿಳಿದಿತ್ತು. ಆದರೆ ಆ ಪ್ರವಾಹವನ್ನು ಏಕಮುಖವಾಗಿ ಮಾಡುವ ಚಿಕ್ಕದೂ ಗಟ್ಟಿಯೂ ಆದ ಸಾಧನವಿರಲಿಲ್ಲ. ೧೯೫೦ರ ದಶಕದಲ್ಲಿ ಸಿಲಿಕಾನ್ ಡಯೋಡುಗಳು ಬಳಕೆಗೆ ಬಂದುವು. ಅಮೆರಿಕದ ಕ್ರೈಸ್ಲರ್ ಸಂಸ್ಥೆಯು ೧೯೬೦ರಲ್ಲಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರನ್ನು ಅಳವಡಿಸಿತು. ಆ ದಶಕವು ಮುಗಿಯುವುದರೊಳಗೆ ಅದು ಪಾಶ್ಚಾತ್ಯ ದೇಶಗಳಲ್ಲಿ ಸಾಮಾನ್ಯವಾಯಿತು. ಭಾರತದಲ್ಲಿ ೧೯೮೩ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ ೮೦೦ ಕಾರು ಆಲ್ಟರ್ನೇಟರನ್ನು ಸಾಮಾನ್ಯ ಗೃಹಸ್ಥನ ವಾಹನಕ್ಕೂ ತಂದಿತು. ಮುಂದೆ ಬೆಂಗಳೂರಿನ ನಾಗನಾಥಪುರದಲ್ಲಿಯೇ ಸ್ಟಾರ್ಟರ್ ಮೋಟಾರು ಮತ್ತು ಆಲ್ಟರ್ನೇಟರುಗಳ ತಯಾರಿಕೆ ನಡೆಯಿತು.

ಆಲ್ಟರ್ನೇಟರಿನಲ್ಲಿ ಪಾತ್ರಗಳು ಅದಲುಬದಲಾಗಿವೆ. ಇಲ್ಲಿ ತಿರುಗುವುದು ಕಾಂತ. ವಿದ್ಯುತ್ತು ಹುಟ್ಟುವುದು ಸುತ್ತಲೂ ಸ್ಥಿರವಾಗಿರುವ ತಂತಿಯ ಸುರುಳಿಗಳಲ್ಲಿ. ಕಾರ್ಬನ್ ತುಂಡುಗಳು ಕಾಂತಕ್ಕೆ ಬೇಕಾದ ಕೆಲವೇ ಆಂಪಿಯರುಗಳನ್ನು ಸಾಗಿಸುವುದರಿಂದ ಬಹುಕಾಲ ಬಾಳುತ್ತವೆ. ಮೂರು ಸುರುಳಿಗಳ ಪ್ರವಾಹವನ್ನು ಆರು ಡಯೋಡುಗಳು ಏಕಮುಖವಾಗಿ ಮಾಡುತ್ತವೆ. ಹಿಮ್ಮುಖ ಪ್ರವಾಹವನ್ನು ಅವೇ ತಡೆಯುವುದರಿಂದ ಕಟೌಟ್ ಬೇಕಾಗದು. ಎಂಜಿನು ನಿಧಾನವಾಗಿ ಓಡುತ್ತಿದ್ದರೂ ಇದು ಬ್ಯಾಟರಿಯನ್ನು ತುಂಬಬಲ್ಲುದು.

ಆದರೆ ಡಯೋಡಿಗೆ ಒಂದು ದೌರ್ಬಲ್ಯವುಂಟು: ಮಿತಿಮೀರಿದ ಒತ್ತಡವನ್ನಾಗಲಿ ತಿರುಗುಮುರುಗಾದ ಸಂಪರ್ಕವನ್ನಾಗಲಿ ಅದು ಸಹಿಸದು. ಓಡುತ್ತಿರುವ ಎಂಜಿನಿನಲ್ಲಿ ಬ್ಯಾಟರಿಯ ತಂತಿಯನ್ನು ಕಳಚಿದರೆ, ಅದುವರೆಗೆ ಬ್ಯಾಟರಿಗೆ ಹರಿಯುತ್ತಿದ್ದ ವಿದ್ಯುತ್ತಿಗೆ ದಾರಿಯಿಲ್ಲದಾಗಿ ಒತ್ತಡವು ಹಠಾತ್ತನೆ ಮೇಲಕ್ಕೆ ನೆಗೆಯುತ್ತದೆ. ಏರಿಳಿತಗಳನ್ನು ನುಂಗಿಕೊಳ್ಳಲು ಬ್ಯಾಟರಿಯೂ ಇಲ್ಲ. ಡಯೋಡುಗಳು, ರೆಗ್ಯುಲೇಟರು, ಈಚಿನ ಕಾರುಗಳಲ್ಲಿ ಎಂಜಿನನ್ನು ನಿಯಂತ್ರಿಸುವ ಗಣಕ, ಇವುಗಳಲ್ಲಿ ಯಾವುದು ಬೇಕಾದರೂ ಒಂದೇ ಏಟಿಗೆ ಸುಟ್ಟುಹೋಗಬಹುದು. ಡೈನಮೋ ಕಾಲದಲ್ಲಿ ದೋಷವನ್ನು ಪತ್ತೆಹಚ್ಚುತ್ತಿದ್ದ ಪರೀಕ್ಷೆಯೇ ಆಲ್ಟರ್ನೇಟರಿನ ಕಾಲದಲ್ಲಿ ದೋಷವನ್ನು ಉಂಟುಮಾಡುವ ಕ್ರಿಯೆಯಾಯಿತು.

ಧ್ರುವಗಳ ವಿಷಯವೂ ಇಂಥದೇ. ಹಳೆಯ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ಧ್ರುವವನ್ನು ವಾಹನದ ಲೋಹಕ್ಕೆ ಜೋಡಿಸುವ ಪದ್ಧತಿ ಇತ್ತು. ೧೯೬೦ರ ದಶಕದಲ್ಲಿ ಅದು ಹೋಗಿ ಋಣ ಧ್ರುವವನ್ನು ಜೋಡಿಸುವ ಪದ್ಧತಿ ನೆಲೆಗೊಂಡಿತು. ಡೈನಮೋ ತನ್ನಲ್ಲಿ ಉಳಿದಿರುವ ಅಲ್ಪ ಕಾಂತತ್ವಕ್ಕೆ ಅನುಸಾರವಾಗಿ ಧ್ರುವವನ್ನು ತಾಳುವುದು. ತಂತಿಯನ್ನು ಕ್ಷಣಕಾಲ ಮುಟ್ಟಿಸಿ ಅದನ್ನು ಬೇಕಾದ ಕಡೆಗೆ ತಿರುಗಿಸಬಹುದಾಗಿತ್ತು. ಆಲ್ಟರ್ನೇಟರಿಗೆ ಈ ಔದಾರ್ಯವಿಲ್ಲ. ಬ್ಯಾಟರಿಯನ್ನು ಒಮ್ಮೆ ತಿರುಗಿಸಿ ಜೋಡಿಸಿದರೆ ಡಯೋಡುಗಳ ಕಥೆ ಮುಗಿದಂತೆಯೇ.

೬

ಇತಿಹಾಸದ ವಿದ್ಯಾರ್ಥಿಗಳಿಗೆ ಇದರಲ್ಲಿ ಹೊಸತೇನೂ ಇಲ್ಲವೆಂದು ತೋರಬಹುದು. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ಹೇಳಿದುದೂ, ರೈಸರು ಅವುಗಳ ಪರವಾಗಿ ವಾದಿಸಿದುದೂ ಸುಪ್ರಸಿದ್ಧವಾಗಿದೆ. ಅಲ್ಲಿ ಚರ್ಚೆಯ ತಿರುಳು ಲಿಪಿಯ ಮತ್ತು ಕಾಲಗಣನೆಯ ಪರೀಕ್ಷೆಯಲ್ಲಿತ್ತು. ಒಂದು ಶತಮಾನದ ಅಕ್ಷರರೂಪವನ್ನು ಅಳೆಯುವ ಕೋಲಿನಿಂದ ಬೇರೊಂದು ಶತಮಾನದ ಶಾಸನವನ್ನು ಅಳೆಯಲಾಗದು. ದುರಸ್ತಿಗಾರನ ಕೆಲಸವೂ ಇದಕ್ಕೆ ದೂರವಾದುದಲ್ಲ. ಅವನೂ ಆಗಿಹೋದ ಒಂದು ಘಟನೆಯನ್ನು ಉಳಿದಿರುವ ಕುರುಹುಗಳಿಂದ ಊಹಿಸಬೇಕು. ಸಾಕ್ಷಿಗಳನ್ನು ಬೇರೆ ಬೇರೆಯಾಗಿ ವಿಚಾರಿಸಬೇಕು. ಕೊನೆಯಲ್ಲಿ ಬಿದ್ದವನೇ ಅಪರಾಧಿಯೆಂದು ಭಾವಿಸಬಾರದು.

ಆ ವಿಚಾರಣೆಯ ಕ್ರಮವನ್ನು, ೧೨ ವೋಲ್ಟಿನ ಸಾಮಾನ್ಯ ಕಾರನ್ನು ಉದಾಹರಣೆಯಾಗಿಟ್ಟುಕೊಂಡು, ಇಲ್ಲಿ ಸಂಗ್ರಹಿಸುತ್ತೇವೆ.

ಮೊದಲನೆಯದು ಬ್ಯಾಟರಿ. ಅದನ್ನು ಕೆಲವು ಗಂಟೆಗಳ ಕಾಲ ಸುಮ್ಮನೆ ಬಿಟ್ಟು ಅಳೆದಾಗ ೧೨.೬ ವೋಲ್ಟಿನಷ್ಟು ಇದ್ದರೆ ಪೂರ್ಣವಾಗಿ ತುಂಬಿದೆ, ೧೨.೨ರ ಸುಮಾರಿನಲ್ಲಿದ್ದರೆ ಅರ್ಧ. ೧೨ಕ್ಕಿಂತ ಕೆಳಗಿಳಿದರೆ ಬರಿದಾದಂತೆ. ಮುಚ್ಚಳ ಬಿಚ್ಚಬಹುದಾದ ಬ್ಯಾಟರಿಯಲ್ಲಿ ಆರು ಕೋಶಗಳ ಆಮ್ಲದ ವಿಶಿಷ್ಟ ಗುರುತ್ವವನ್ನು ಹೈಡ್ರೋಮೀಟರಿನಿಂದ ನೋಡುವುದು ಇನ್ನೂ ಉತ್ತಮ. ಅದು ೧.೨೬ರ ಸುಮಾರಿನಲ್ಲಿದ್ದರೆ ಒಳ್ಳೆಯದು. ಆರೂ ಕೋಶಗಳು ಸಮನಾಗಿ ತಗ್ಗಿದ್ದರೆ ಬ್ಯಾಟರಿಯು ಹಸಿದಿದೆ, ಕೆಟ್ಟಿಲ್ಲ. ಒಂದು ಕೋಶ ಮಾತ್ರ ತಗ್ಗಿದ್ದರೆ ದೋಷವು ಬ್ಯಾಟರಿಯದೇ. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇರೊಂದಿಲ್ಲ. ಆದರೆ ನೀರು ಹಾಕುವ ಅಗತ್ಯವಿಲ್ಲದ, ಮುಚ್ಚಿದ ಬ್ಯಾಟರಿಗಳು ಬಂದ ಮೇಲೆ ಈ ಸಾಕ್ಷಿಯ ಬಾಯಿ ಕಟ್ಟಿಹೋಗಿದೆ.

ಎರಡನೆಯದು ಸಂಪರ್ಕಗಳು. ತುದಿಗಳ ಮೇಲೆ ಬೆಳೆದ ಬಿಳಿ ಹಸುರು ಬಣ್ಣದ ಹೂವು, ಎಂಜಿನಿಗೂ ಚಾಸಿಗೂ ನಡುವಿನ ಅರ್ಥಿಂಗ್ ಪಟ್ಟಿ ಸಡಿಲಾಗುವುದು, ಇವು ಅತ್ಯಲ್ಪ ಖರ್ಚಿನ ದೋಷಗಳು. ಅತ್ಯಂತ ಹೆಚ್ಚಾಗಿ ಕಡೆಗಣಿಸಲ್ಪಡುವುವೂ ಇವೇ. ಆಲ್ಟರ್ನೇಟರಿನ ತುದಿಯಲ್ಲಿರುವ ಒತ್ತಡಕ್ಕೂ ಬ್ಯಾಟರಿಯ ತುದಿಯಲ್ಲಿರುವ ಒತ್ತಡಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ನಡುವಿನ ದಾರಿಯನ್ನು ಶಂಕಿಸಬೇಕು.

ಮೂರನೆಯದು ಬೆಲ್ಟು. ದೀಪ ಹಾಕಿದೊಡನೆ ಕಿರುಚಿದರೆ ಅದು ಜಾರುತ್ತಿದೆ. ಆಲ್ಟರ್ನೇಟರು ಎಷ್ಟೇ ನೆಟ್ಟಗಿದ್ದರೂ ಜಾರುವ ಬೆಲ್ಟು ಅದನ್ನು ದುಡಿಯಗೊಡದು.

ನಾಲ್ಕನೆಯದು ಆಲ್ಟರ್ನೇಟರು. ಎಂಜಿನು ಸಾಧಾರಣ ವೇಗದಲ್ಲಿ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ ೧೩.೮ರಿಂದ ೧೪.೪ ವೋಲ್ಟುಗಳವರೆಗೆ ತೋರಬೇಕು. ದೀಪ ಪಂಖಗಳನ್ನು ಹಾಕಿದರೂ ಬಹಳ ಕೆಳಗಿಳಿಯಬಾರದು. ೧೫ನ್ನು ಮೀರಿದರೆ ರೆಗ್ಯುಲೇಟರು ಕೆಟ್ಟಿದೆ. ಬಲ್ಬುಗಳು ಪದೇ ಪದೇ ಸುಟ್ಟುಹೋಗುವುದು, ಬ್ಯಾಟರಿಯ ನೀರು ಬೇಗ ಬತ್ತುವುದು, ಕೊಳೆತ ಮೊಟ್ಟೆಯ ವಾಸನೆ ಬರುವುದು ಇದರ ಲಕ್ಷಣಗಳು. ಒಂದು ಡಯೋಡು ಕೆಟ್ಟಿದ್ದರೆ ಆಲ್ಟರ್ನೇಟರು ದುಡಿಯುತ್ತಲೇ ಇದ್ದರೂ ಪೂರ್ಣವಾಗಿ ಕೊಡದು. ಮಾಪಕವನ್ನು ಪರ್ಯಾಯ ಪ್ರವಾಹಕ್ಕೆ ತಿರುಗಿಸಿ ನೋಡಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಡಯೋಡಿನ ಮೇಲೆ ಅನುಮಾನಪಡಬೇಕು. ಮುಂದಿನ ಫಲಕದ ಚಾರ್ಜಿಂಗ್ ದೀಪವನ್ನೂ ಮರೆಯಬಾರದು. ಅನೇಕ ಮಾದರಿಗಳಲ್ಲಿ ಕಾಂತಕ್ಕೆ ಬೇಕಾದ ಮೊದಲ ವಿದ್ಯುತ್ತು ಆ ದೀಪದ ಮೂಲಕವೇ ಹೋಗುತ್ತದೆ. ಆ ಚಿಕ್ಕ ಬಲ್ಬು ಸುಟ್ಟುಹೋದರೆ ಆಲ್ಟರ್ನೇಟರು ಎಚ್ಚರಗೊಳ್ಳದೆ ಇರಬಹುದು. ಕೀಲಿ ತಿರುಗಿಸಿದಾಗ ದೀಪ ಹತ್ತದಿರುವುದೂ ದೋಷದ ಸೂಚನೆಯೇ ಎಂಬುದನ್ನು ಬಹುಮಂದಿ ಗಮನಿಸುವುದಿಲ್ಲ.

ಐದನೆಯದು ರಾತ್ರಿಯ ಕಳ್ಳತನ. ಎಲ್ಲವನ್ನೂ ಆರಿಸಿ ಬೀಗ ಹಾಕಿದ ಮೇಲೆ ಬ್ಯಾಟರಿಯಿಂದ ೫೦ ಮಿಲಿ ಆಂಪಿಯರಿಗಿಂತ ಹೆಚ್ಚು ಹರಿಯುತ್ತಿದ್ದರೆ ಯಾವುದೋ ದೀಪ, ರೇಡಿಯೋ ಅಥವಾ ಆಮೇಲೆ ಜೋಡಿಸಿದ ಸಾಧನವು ನಿದ್ರಿಸದೆ ಉಣ್ಣುತ್ತಿದೆ. ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಕಳ್ಳನು ಸಿಕ್ಕುವನು.

ಬಸ್ಸು ಲಾರಿಗಳಲ್ಲಿ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ ೨೪ ವೋಲ್ಟು ಪಡೆಯುವುದುಂಟು. ಅಲ್ಲಿ ಇನ್ನೊಂದು ನಿಯಮವು ಸೇರುತ್ತದೆ. ದುರ್ಬಲವಾದ ಹಳೆಯದರೊಡನೆ ಹೊಸದೊಂದನ್ನು ಜೋಡಿಸಿದರೆ ಒಂದು ಅತಿಯಾಗಿ ತುಂಬಿ ಇನ್ನೊಂದು ಅರೆಯಾಗಿ ತುಂಬಿ ಎರಡೂ ಬೇಗ ಕೆಡುತ್ತವೆ.

ಈ ಕ್ರಮದಲ್ಲಿ ಗಮನಿಸತಕ್ಕ ಅಂಶವೆಂದರೆ ಖರ್ಚಿಲ್ಲದ ಪರೀಕ್ಷೆಗಳೆಲ್ಲವೂ ಮೊದಲು ಬರುತ್ತವೆ. ಯಾವ ವಸ್ತುವನ್ನೂ ಅಳೆಯದೆ ತೆಗೆದುಹಾಕುವುದಿಲ್ಲ. ಅವಸರದ ದುರಸ್ತಿಯಲ್ಲಿ ಇದು ತಲೆಕೆಳಗಾಗುತ್ತದೆ. ಹೊಸ ಬ್ಯಾಟರಿಯನ್ನು ಹಾಕಿದೊಡನೆ ಎಂಜಿನು ಚಾಲೂ ಆಗುವುದು. ಅದು ಕಾರ್ಖಾನೆಯಿಂದ ತುಂಬಿಕೊಂಡು ಬಂದಿದೆಯಷ್ಟೆ. ಮಾಲಿಕನು ದೋಷ ಪರಿಹಾರವಾಯಿತೆಂದು ನಂಬುತ್ತಾನೆ. ಕೆಲವು ದಿನಗಳಲ್ಲಿಯೇ ಅದೂ ಬರಿದಾದಾಗ ತಪ್ಪನ್ನು ಹೊಸ ಬ್ಯಾಟರಿಯ ಮೇಲೆ ಹೊರಿಸಲಾಗುತ್ತದೆ.

೭

ಮೇಲೆ ಹೇಳಿದ ಅಂಕಿಗಳೂ ಶಾಶ್ವತವಲ್ಲ. ಇಂಧನದ ಮಿತವ್ಯಯಕ್ಕಾಗಿ ಈಚಿನ ಅನೇಕ ಕಾರುಗಳಲ್ಲಿ ಆಲ್ಟರ್ನೇಟರಿನ ಒತ್ತಡವನ್ನು ಎಂಜಿನಿನ ಗಣಕವೇ ನಿಯಂತ್ರಿಸುತ್ತದೆ. ಇಳಿಜಾರಿನಲ್ಲಿಯೂ ಬ್ರೇಕು ಹಾಕುವಾಗಲೂ ಅದನ್ನು ಹೆಚ್ಚಾಗಿ ದುಡಿಸಿ, ವೇಗ ಏರಿಸುವಾಗ ವಿಶ್ರಾಂತಿ ಕೊಡುವ ಏರ್ಪಾಡಿದು. ೨೦೧೫ರಲ್ಲಿ ಮಾರುತಿಯ ಸಿಯಾಜ್ ಕಾರಿನಲ್ಲಿ ಸ್ಟಾರ್ಟರು ಮತ್ತು ಜನಕಗಳೆರಡನ್ನೂ ಒಂದೇ ಯಂತ್ರದಲ್ಲಿ ಸೇರಿಸಿದ ಪದ್ಧತಿ ಬಂದಿತು. ಇಂಥ ವಾಹನಗಳಲ್ಲಿ ಒಂದು ಕ್ಷಣ ೧೨.೮ ವೋಲ್ಟು ಕಂಡ ಮಾತ್ರಕ್ಕೆ ಆಲ್ಟರ್ನೇಟರು ಕೆಟ್ಟಿದೆಯೆನ್ನಲಾಗದು. ನೆಟ್ಟಗಿರುವ ಆಲ್ಟರ್ನೇಟರುಗಳನ್ನು ಹಳೆಯ ಅಂಕಿಯ ಬಲದಿಂದ ಬಿಚ್ಚಿಹಾಕುವ ಅಪಾಯವು ಈಗ ಬಂದಿದೆ. ಬ್ಯಾಟರಿಯ ತಂತಿಯನ್ನು ಕಳಚಿ ನೋಡುವ ಪರೀಕ್ಷೆಗೆ ಒದಗಿದ ಗತಿಯೇ ವೋಲ್ಟ್ ಮಾಪಕದ ಪರೀಕ್ಷೆಗೂ ಒದಗುತ್ತಿದೆಯೆಂದು ಹೇಳಬಹುದು.

ಇದಕ್ಕೂ ಮುಂದಿನ ಹೆಜ್ಜೆಯು ಆಲ್ಟರ್ನೇಟರೇ ಇಲ್ಲದ ವಾಹನ. ಈ ವಿಷಯದಲ್ಲಿ ಬೆಂಗಳೂರಿಗೆ ವಿಶೇಷವಾದ ಸ್ಥಾನವಿದೆ. ೨೦೦೧ರಲ್ಲಿ ಬೊಮ್ಮಸಂದ್ರದಿಂದ ಹೊರಬಂದ ರೇವಾ ಎಂಬ ಚಿಕ್ಕ ವಿದ್ಯುತ್ ಕಾರು ಸೀಸದ ಬ್ಯಾಟರಿಗಳ ೪೮ ವೋಲ್ಟಿನ ಸಮೂಹದಿಂದಲೇ ಓಡುತ್ತಿತ್ತು. ಮನೆಯ ೧೫ ಆಂಪಿಯರಿನ ಪ್ಲಗ್ಗಿನಿಂದ ಅದನ್ನು ತುಂಬಬಹುದಾಗಿತ್ತು. ೨೦೧೪ರಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು ವಿದ್ಯುತ್ ಬಸ್ಸೊಂದನ್ನು ಪರೀಕ್ಷಾರ್ಥವಾಗಿ ಓಡಿಸಿತು. ೨೦೨೧ರ ಕೊನೆಯಿಂದ ಅಂಥ ಬಸ್ಸುಗಳನ್ನು ಸೇವೆಗೆ ಸೇರಿಸಿಕೊಳ್ಳತೊಡಗಿತು. ಈ ವಾಹನಗಳಲ್ಲಿ ಬೆಲ್ಟಿಲ್ಲ, ಕಾರ್ಬನ್ ಇಲ್ಲ. ಮುಖ್ಯ ಬ್ಯಾಟರಿಯ ಹೆಚ್ಚಿನ ಒತ್ತಡವನ್ನು ತಗ್ಗಿಸಿ ಕೊಡುವ ಒಂದು ಪರಿವರ್ತಕವು ಆಲ್ಟರ್ನೇಟರಿನ ಸ್ಥಾನದಲ್ಲಿ ಕುಳಿತಿದೆ.

ಆದರೂ ಈಗಿನ ಬಹುಪಾಲು ವಿದ್ಯುತ್ ಕಾರುಗಳಲ್ಲಿ ಹಳೆಯ ೧೨ ವೋಲ್ಟಿನ ಬ್ಯಾಟರಿಯು ಉಳಿದುಕೊಂಡಿದೆ. ಬಾಗಿಲಿನ ಬೀಗ, ದೀಪ, ಗಣಕ, ಮುಖ್ಯ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ಚು, ಎಲ್ಲಕ್ಕೂ ಅದೇ ಆಧಾರ. ಅದು ಸೋತರೆ, ನೂರಾರು ಕಿಲೋಮೀಟರು ಓಡುವಷ್ಟು ಶಕ್ತಿ ತುಂಬಿದ್ದರೂ ಕಾರು ಕದಲದು. ಅದು ತಾನಾ

ಗಿ ಸೋತಿತೋ, ಉಣಬಡಿಸುವವನಿಲ್ಲದೆ ಸೋತಿತೋ, ಕದ್ದು ಉಂಡವನಿಂದ ಸೋತಿತೋ ಎಂಬ ಪ್ರಶ್ನೆಯನ್ನು ಅಲ್ಲಿಯೂ ಕೇಳಲೇಬೇಕು. ಉತ್ತರವನ್ನು ಪಡೆಯುವ ಉಪಕರಣ ಬೇರೆ. ಪ್ರಶ್ನೆಯ ಕ್ರಮ ಅದೇ.

೮

ಈ ಬದಲಾವಣೆಗಳಿಗೆ ಲಿಖಿತ ದಾಖಲೆಗಳು ವಿರಳವಾಗಿರುವಾಗ ಇತಿಹಾಸಕಾರನು ಎಲ್ಲಿ ಹುಡುಕಬೇಕು? ಒಂದು ಆಕರವು ಭಾಷೆ. ಆಲ್ಟರ್ನೇಟರನ್ನೂ ಡೈನಮೋ ಎಂದೇ ಕರೆಯುವ ರೂಢಿ ದುರಸ್ತಿಯ ಅಂಗಡಿಗಳಲ್ಲಿ ಇನ್ನೂ ಕೇಳಬರುತ್ತದೆ; ಯಂತ್ರವು ಹೋದರೂ ಹೆಸರು ಉಳಿದಿದೆ. ಸ್ಟಾರ್ಟರನ್ನು 'ಸೆಲ್ಫ್' ಎನ್ನುವ ಮಾತು ಕೈಯಿಂದ ಹ್ಯಾಂಡಲು ತಿರುಗಿಸುತ್ತಿದ್ದ ಕಾಲದ ಸ್ಮರಣೆ. ತನ್ನಿಂದ ತಾನೇ ಚಾಲೂ ಆಗುವುದೇ ಅಂದು ವಿಶೇಷವಾಗಿತ್ತು. ಸ್ಥಳನಾಮಗಳನ್ನು ಸಂಗ್ರಹಿಸುವಂತೆ ಈ ವೃತ್ತಿಪದಗಳನ್ನೂ ಅರ್ಥ ಮತ್ತು ಬಳಕೆಯೊಡನೆ ಸಂಗ್ರಹಿಸತಕ್ಕುದು.

ಇನ್ನೊಂದು ಆಕರವು ಮನುಷ್ಯರ ನೆನಪು. ಡೈನಮೋವನ್ನು ಬಿಚ್ಚಿ ಕಟ್ಟಿದ ತಲೆಮಾರಿಗೆ ಈಗ ವಯಸ್ಸಾಗಿದೆ. ಅವರಲ್ಲಿ ಬಹುಮಂದಿ ಬರವಣಿಗೆಯಿಂದ ಕಲಿಯದೆ ಗುರುವಿನ ಪಕ್ಕದಲ್ಲಿ ನಿಂತು ಕಲಿತವರು. ೧೯೬೧ರ ಅಪ್ರೆಂಟಿಸ್ ಕಾಯಿದೆಯೂ ಕೈಗಾರಿಕಾ ತರಬೇತಿ ಸಂಸ್ಥೆಗಳೂ ಕಲಿಕೆಗೆ ಒಂದು ಚೌಕಟ್ಟನ್ನು ಒದಗಿಸಿದುವಾದರೂ ರಸ್ತೆಯಂಚಿನ ಅಂಗಡಿಯು ಬಹುಮಟ್ಟಿಗೆ ಅದರ ಹೊರಗೇ ಉಳಿಯಿತು. ಆ ಕಲಿಕೆಯ ಬೆಲೆಯನ್ನೂ ಮರೆಯುವಂತಿಲ್ಲ. ಸೀಸದ ಧೂಳು ಮತ್ತು ಗಂಧಕಾಮ್ಲಗಳ ನಡುವೆ ರಕ್ಷಣೆಯಿಲ್ಲದೆ ದುಡಿಯುವುದು ದೇಹಕ್ಕೆ ಅಪಾಯಕರ. ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಬಗೆಗೆ ೨೦೦೧ರಲ್ಲಿಯೂ, ಮತ್ತೆ ೨೦೨೨ರಲ್ಲಿಯೂ ಭಾರತ ಸರ್ಕಾರವು ನಿಯಮಗಳನ್ನು ಮಾಡಿತು. ಕೆಡದ ಬ್ಯಾಟರಿಯನ್ನು ಕೆಟ್ಟಿತೆಂದು ಬಿಸಾಡುವ ಪ್ರತಿಯೊಂದು ತಪ್ಪು ತೀರ್ಮಾನವೂ ಈ ಸೀಸದ ರಾಶಿಗೆ ಸೇರುತ್ತದೆ. ಆದುದರಿಂದ ಸರಿಯಾದ ಪರೀಕ್ಷೆಯು ಮಾಲಿಕನ ಹಣವನ್ನು ಮಾತ್ರವಲ್ಲದೆ ದುಡಿಯುವವನ ಆರೋಗ್ಯವನ್ನೂ ಕಾಯುವುದು.

ಒಟ್ಟಿನಲ್ಲಿ ಮೂರು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ವಾಹನದ ವಿದ್ಯುತ್ ವ್ಯವಸ್ಥೆಯ ಇತಿಹಾಸವು ಹೊಸ ಯಂತ್ರಗಳ ಪಟ್ಟಿಯಲ್ಲಿ ಮುಗಿಯುವುದಿಲ್ಲ. ಅವುಗಳನ್ನು ಪರೀಕ್ಷಿಸುವ ವಿಧಾನಗಳ ಏಳುಬೀಳೂ ಅದರಲ್ಲಿ ಸೇರಬೇಕು. ಎರಡನೆಯದಾಗಿ, ಯಂತ್ರವು ಬದಲಾದ ವೇಗದಲ್ಲಿ ವಿಧಾನವು ಬದಲಾಗದೆ ಹೋದಾಗ ನಷ್ಟವು ಸಾಮಾನ್ಯನ ಮೇಲೆ ಬೀಳುತ್ತದೆ. ಮೂರನೆಯದಾಗಿ, ಉಪಕರಣಗಳು ಎಷ್ಟು ಬದಲಾದರೂ ಸಾಕ್ಷಿಗಳನ್ನು ಕ್ರಮವಾಗಿ ವಿಚಾರಿಸುವ ಬುದ್ಧಿಯು ಬದಲಾಗಿಲ್ಲ. ನಮ್ಮ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ದೂರದ ಶಾಸನಗಳನ್ನು ಓದುವುದರ ಜೊತೆಗೆ ತಮ್ಮ ಮನೆಯ ದಾರಿಯಲ್ಲಿರುವ ಇಂಥ ಅಂಗಡಿಗಳಿಗೂ ಹೋಗಿ, ಹಿರಿಯ ಕೆಲಸಗಾರರಿಂದ ಕೇಳಿ ಬರೆದುಕೊಂಡರೆ, ಬೆಂಗಳೂರಿನ ಕೈಗಾರಿಕಾ ಇತಿಹಾಸದ ಒಂದು ಬರಿದಾದ ಅಧ್ಯಾಯವು ತುಂಬಿಕೊಳ್ಳಲು ಅವಕಾಶವಾಗುವುದು. ಆ ಕೆಲಸವು ಅವರು ಇರುವಾಗಲೇ ಆಗಬೇಕು.